ನೀರನ್ನು ಒಲ್ಲೆನ್ನುವ ಗೆರೆ

ಏಳನೇ ಕ್ಲಾಸಿನಲ್ಲಿ ನಾವು ಗುಟ್ಟಿನ ಚೀಟಿ ಬರೆಯುತ್ತಿದ್ದದ್ದು ಮೊಂಬತ್ತಿಯ ತುಂಡಿನಲ್ಲಿ. ಬಿಳಿ ಹಾಳೆಯ ಮೇಲೆ ಬಿಳಿ ಮೇಣ. ಮೇಷ್ಟ್ರ ಕೈಗೆ ಸಿಕ್ಕಿದರೂ ಅವರಿಗೆ ಕಾಣುವುದು ಖಾಲಿ ಹಾಳೆ. ಮನೆಗೆ ಬಂದು ನೀರು ಬೆರೆಸಿದ ನೀಲಿ ಶಾಯಿಯನ್ನು ಅದರ ಮೇಲೆ ಸವರಿದರೆ ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತಿದ್ದವು. ಗುಟ್ಟು ಎಂಥದ್ದೂ ಇರುತ್ತಿರಲಿಲ್ಲ, ‘ನಾಳೆ ನೇರಳೆ ಹಣ್ಣು ತಾ’ ಅನ್ನುವಂಥದ್ದು. ಆದರೆ ಏನೂ ಇಲ್ಲದ ಕಡೆ ಅಕ್ಷರ ಮೂಡುವುದನ್ನು ನೋಡುವ ಖುಷಿ ಬೇರೆ.

ಇದೇ ಆಟವನ್ನು ಇಪ್ಪತ್ತನೇ ಶತಮಾನದ ದೊಡ್ಡ ಶಿಲ್ಪಿಯೊಬ್ಬರು ವರ್ಷಗಟ್ಟಲೆ ಆಡಿದರು. ಇಂಗ್ಲೆಂಡಿನ ಹೆನ್ರಿ ಮೂರ್. 1898ರಲ್ಲಿ ಯಾರ್ಕ್‌ಷೈರಿನ ಕ್ಯಾಸಲ್‌ಫರ್ಡ್ ಎಂಬ ಕಲ್ಲಿದ್ದಲು ಊರಿನಲ್ಲಿ ಹುಟ್ಟಿದವರು, ಗಣಿ ಕಾರ್ಮಿಕನ ಮಗ. ಹೊಟ್ಟೆಯಲ್ಲಿ ತೂತಿರುವ, ಗುಡ್ಡದಂತೆ ಮಲಗಿದ ಅವರ ಕಂಚಿನ ಹೆಂಗಸರನ್ನು ಚಿತ್ರದಲ್ಲಾದರೂ ನೀವು ನೋಡಿರುತ್ತೀರಿ. ನನಗೆ ಮಾತ್ರ ಅವರ ಕಂಚಿಗಿಂತ ಕಾಗದವೇ ಇಷ್ಟ. ಅದರಲ್ಲೂ 1949ರ ಒಂದು ಚಿತ್ರ, ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಹೆಸರು ‘ವಿಮೆನ್ ವೈಂಡಿಂಗ್ ವುಲ್’, ಅಂದರೆ ಉಣ್ಣೆ ಸುತ್ತುವ ಹೆಂಗಸರು. ಮಾಡಿದ್ದು ಕ್ರೇಯಾನ್ ಮತ್ತು ಜಲವರ್ಣದಲ್ಲಿ.

ಚಿತ್ರದಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುತ್ತಿಲ್ಲ. ಇಬ್ಬರು ದಪ್ಪನೆಯ ಹೆಂಗಸರು ಕೂತಿದ್ದಾರೆ. ಹೆಣಿಗೆಯ ಉಣ್ಣೆ ಆಗ ಬಹುಮಟ್ಟಿಗೆ ಲಡಿಯಾಗಿ ಬರುತ್ತಿತ್ತು. ಹಾಗೇ ಹೆಣೆಯಲು ಹೋದರೆ ಸಿಕ್ಕು ಬೀಳುತ್ತದೆ. ಒಬ್ಬರು ಎರಡೂ ಕೈಗೆ ಲಡಿ ಹಾಕಿಕೊಂಡು ಹಿಡಿಯಬೇಕು, ಇನ್ನೊಬ್ಬರು ಎಳೆ ಬಿಡಿಸುತ್ತ ಉಂಡೆ ಮಾಡಬೇಕು. ನಮ್ಮ ಜಗಲಿಯಲ್ಲಿ ಹೂ ಕಟ್ಟುವ, ಶಾವಿಗೆ ಒತ್ತುವ ಕೆಲಸಗಳ ಜಾತಿಗೇ ಸೇರಿದ್ದು: ಕೈಗೆ ಕೆಲಸ, ಬಾಯಿಗೆ ಪೂರ್ತಿ ಬಿಡುವು. ಮೂರ್ ಅದನ್ನು ಸಣ್ಣದು ಮಾಡಿಲ್ಲ. ಅವರಿಬ್ಬರ ತೊಡೆ, ಹೆಗಲು, ಬೆನ್ನು ಎಲ್ಲಕ್ಕೂ ಬಂಡೆಯ ತೂಕವಿದೆ. ಹುಡುಗನಾಗಿದ್ದಾಗ ಮೂರ್ ಸಂಧಿವಾತದಿಂದ ನರಳುತ್ತಿದ್ದ ತಾಯಿಯ ಬೆನ್ನಿಗೆ ಮದ್ದಿನೆಣ್ಣೆ ತಿಕ್ಕುತ್ತಿದ್ದರಂತೆ. ಆ ಬೆನ್ನು ಅವರಿಗೆ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗಿತ್ತು.

ಆದರೆ ಚಪ್ಪಟೆ ಕಾಗದಕ್ಕೆ ಈ ತೂಕ ಬರುವುದು ಎಲ್ಲಿಂದ? ನಿಮ್ಮ ಮನೆಯವರ ಕೈಬಳೆ ನೋಡಿ. ತೋಳಿನ ಎರಡು ಬದಿಯ ಗೆರೆಗಳನ್ನಷ್ಟೇ ಬರೆದರೆ ಅದು ಕಾಗದದ ಪಟ್ಟಿಯೂ ಆಗಬಹುದು, ಹಲಗೆಯೂ ಆಗಬಹುದು. ಅಡ್ಡಲಾಗಿ ಒಂದು ಬಳೆಯ ಬಾಗು ಬರೆಯಿರಿ, ತೋಳು ತಕ್ಷಣ ದುಂಡಗಾಗುತ್ತದೆ. ಬಳೆ ಮೇಲಕ್ಕೆ ಬಾಗಿದ್ದರೆ ತೋಳು ಒಂದು ದಿಕ್ಕಿಗೆ ವಾಲಿದಂತೆ, ಕೆಳಕ್ಕೆ ಬಾಗಿದ್ದರೆ ಇನ್ನೊಂದು ದಿಕ್ಕಿಗೆ. ಮೈಮೇಲೆ ಓಡುವ ಗೆರೆ ಮೈಯ ಉಬ್ಬು ತಗ್ಗನ್ನು ಅನುಸರಿಸುತ್ತದೆ ಎಂದು ಮಿದುಳು ಕೇಳದೆಯೇ ನಂಬಿಬಿಡುತ್ತದೆ. ನಕಾಶೆಯಲ್ಲಿ ಬೆಟ್ಟದ ಎತ್ತರ ತೋರಿಸುವ ಸಮೋನ್ನತಿ ರೇಖೆಗಳನ್ನು ಓದಲು ಮೇಷ್ಟ್ರು ಬೇಕು, ಬಳೆಯನ್ನು ಓದಲು ಯಾರೂ ಬೇಡ. ಮೂರ್ ನೆರಳಿನ ಗೊಡವೆಯನ್ನು ಕಡಿಮೆ ಮಾಡಿ, ಮೈಯುದ್ದಕ್ಕೂ ಇಳಿಯುವ ಗೆರೆ ಮತ್ತು ಮೈಸುತ್ತ ಹೊರಳುವ ಗೆರೆ, ಹೀಗೆ ಎರಡು ಕಡೆಯ ಗೆರೆಗಳಿಂದಲೇ ದೇಹ ಕಟ್ಟಿದರು. ಹಾಗಾಗಿ ಈ ಹೆಂಗಸರನ್ನು ಯಾರೋ ಎಳೆ ಸುತ್ತಿ ಸುತ್ತಿ ಮಾಡಿದಂತೆ ಕಾಣುತ್ತದೆ. ಉಣ್ಣೆ ಸುತ್ತುವವರೇ ಸುತ್ತಿಟ್ಟ ಉಂಡೆಗಳು. ಮೂರ್ ಬೇಕೆಂದೇ ಮಾಡಿದರೋ ಏನೋ, ನನಗಂತೂ ಅದು ಕಾಣದೆ ಹೋಗುವುದಿಲ್ಲ.

ಇನ್ನು ಮೇಣದ ವಿಷಯ. ಎರಡನೇ ಮಹಾಯುದ್ಧಕ್ಕೆ ಮುಂಚೆ ಒಮ್ಮೆ ಮೂರ್ ತಮ್ಮ ಮನೆತನದ ಒಂದು ಪುಟ್ಟ ಹುಡುಗಿಯನ್ನು ಆಡಿಸುತ್ತ ಚಿತ್ರ ಬರೆಯುತ್ತಿದ್ದರು. ಕೈಗೆ ಸಿಕ್ಕಿದ್ದು ವುಲ್‌ವರ್ತ್ಸ್ ಅಂಗಡಿಯಿಂದ ತಂದ ಅವಳ ಅಗ್ಗದ ಕ್ರೇಯಾನುಗಳು. ಅದರ ಮೇಲೆ ಜಲವರ್ಣ ಹರಿಸಿದಾಗ ಬಣ್ಣ ಗೆರೆಯನ್ನು ಬಿಟ್ಟು ಸುತ್ತಲೂ ನಿಂತಿತು. ಅಂದಿನಿಂದ ಅವರು ಕ್ರೇಯಾನು ಬಿಡಲಿಲ್ಲ. ಅಗ್ಗದ್ದಾಗಿದ್ದೇ ಒಳ್ಳೆಯದಾಯಿತು ಅಂತ ನನ್ನ ಊಹೆ, ಏಕೆಂದರೆ ಅಂಥವುಗಳಲ್ಲಿ ಬಣ್ಣ ಕಡಿಮೆ, ಮೇಣ ಜಾಸ್ತಿ.

ಮಕ್ಕಳ ಕ್ರೇಯಾನಿನ ಬಹುಪಾಲು ಪ್ಯಾರಫಿನ್ ಮೇಣ. ಜೊತೆಗೆ ಗಟ್ಟಿತನಕ್ಕೆ ಸ್ವಲ್ಪ ಸ್ಟಿಯರಿಕ್ ಆಮ್ಲ, ಬಣ್ಣದ ಪುಡಿ. (ಡಬ್ಬಿ ಬಿಚ್ಚಿದಾಗ ಬರುವ ಆ ವಾಸನೆ ಹೆಚ್ಚಾಗಿ ಸ್ಟಿಯರಿಕ್ ಆಮ್ಲದ್ದೇ.) ಅಮೆರಿಕದ ಬಿನ್ನಿ ಅಂಡ್ ಸ್ಮಿತ್ ಕಂಪನಿ 1903ರಲ್ಲಿ ಎಂಟು ಬಣ್ಣಗಳ ಕ್ರೇಯೋಲಾ ಡಬ್ಬಿಯನ್ನು ಐದು ಸೆಂಟಿಗೆ ಮಾರಿದಾಗಿನಿಂದ ಈ ಪಾಕ ಹೆಚ್ಚೇನೂ ಬದಲಾಗಿಲ್ಲ. ಪ್ಯಾರಫಿನ್ ಅಂದರೆ ಪೆಟ್ರೋಲಿಯಂನಿಂದ ಬರುವ, ಇಪ್ಪತ್ತರಿಂದ ನಲವತ್ತು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ, ಮೈತುಂಬ ಹೈಡ್ರೋಜನ್. ಈ ಸರಪಳಿಗಳ ನಡುವಿನ ಹಿಡಿತ ಸಡಿಲ. ಅದಕ್ಕೇ ಕಾಗದಕ್ಕೆ ಉಜ್ಜಿದೊಡನೆ ಒಂದರ ಮೇಲೊಂದು ಜಾರಿ, ಮೇಣ ಅಲ್ಲೇ ಉಳಿದುಬಿಡುತ್ತದೆ.

ಮೇಣಕ್ಕೆ ನೀರು ಕಂಡರೆ ಆಗದು ಎನ್ನುತ್ತೇವೆ. ಮೇಣಕ್ಕೆ ಪಾಪ ಯಾರ ಮೇಲೂ ಹಗೆಯಿಲ್ಲ, ನೀರಿಗೇ ತನ್ನ ಬಳಗದ ಮೇಲೆ ಮೋಹ ಜಾಸ್ತಿ. ನೀರಿನ ಅಣುವಿನ ಒಂದು ತುದಿಗೆ ತುಸು ಋಣ, ಇನ್ನೊಂದಕ್ಕೆ ತುಸು ಧನ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ಕೈ ಹಿಡಿದುಕೊಂಡಿರುತ್ತವೆ. ಕಾಗದದ ಸೆಲ್ಯುಲೋಸ್ ಕೂಡ ಹೀಗೆ ಕೈ ಚಾಚುವ ವಸ್ತು, ನೀರು ಅದನ್ನೂ ಹಿಡಿದುಕೊಂಡು ನಾರಿನ ಸಂದಿಗಳಿಗೆ ಇಳಿಯುತ್ತದೆ. ಪ್ಯಾರಫಿನ್‌ನ ಬಳಿ ಚಾಚಲು ಕೈಯೇ ಇಲ್ಲ. ಆಗ ನೀರು ತನ್ನವರನ್ನೇ ಬಿಗಿಯಾಗಿ ಹಿಡಿದುಕೊಂಡು ದುಂಡಗಾಗುತ್ತದೆ. ಹನಿಯ ಅಂಚು ನೆಲಕ್ಕೆ ತಾಗುವ ಕೋನದಲ್ಲಿ ಇದನ್ನು ಅಳೆಯುತ್ತಾರೆ: ಚೊಕ್ಕ ಗಾಜಿನ ಮೇಲೆ ಸೊನ್ನೆಯ ಹತ್ತಿರ, ಪ್ಯಾರಫಿನ್ ಮೇಲೆ ಸುಮಾರು 110 ಡಿಗ್ರಿ, ತಾವರೆ ಎಲೆಯ ಮೇಲೆ 150ಕ್ಕೂ ಮೇಲೆ. ‘ತಾವರೆ ಎಲೆಯ ಮೇಲಿನ ನೀರಿನಂತೆ’ ಎಂದು ವೈರಾಗ್ಯದ ಮಾತಿಗೆ ಬಳಸುತ್ತೇವಲ್ಲ, ಅಲ್ಲೂ ಇರುವುದು ಮೇಣವೇ. ಎಲೆಯ ಮೈಮೇಲಿನ ಸೂಕ್ಷ್ಮ ಗುಬುಟುಗಳು, ಅವುಗಳ ಮೇಲೆ ಮೇಣದ ಹರಳುಗಳು. ನಡುವೆ ಗಾಳಿ ಸಿಕ್ಕಿಕೊಂಡು ಹನಿ ನಿಲ್ಲಲಾರದೆ ಉರುಳುತ್ತದೆ.

ಚಿತ್ರಕಾರನಿಗೆ ಇದರಿಂದ ಆದ ಲಾಭ ದೊಡ್ಡದು. ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ತಾಗದೆ ಉಳಿದ ಕಾಗದ. ಕತ್ತಲನ್ನು ಬರೆಯುತ್ತ ಬರೆಯುತ್ತ ಬೆಳಕನ್ನು ಕಾಪಾಡಿಕೊಂಡು ಬರಬೇಕು, ಕೈ ಒಮ್ಮೆ ಜಾರಿದರೆ ಹೋಯಿತು. ಮೇಣದಲ್ಲಿ ಬೆಳಕನ್ನೇ ಮೊದಲು ಬರೆದಿಟ್ಟು, ಆಮೇಲೆ ಕತ್ತಲನ್ನು ಧಾರಾಳವಾಗಿ ಸುರಿಯಬಹುದು. ಇನ್ನೊಂದು ಸಂಗತಿ, ಒರಟು ಕಾಗದದ ಉಬ್ಬುಗಳಿಗೆ ಮಾತ್ರ ಮೇಣ ಹತ್ತುತ್ತದೆ, ತಗ್ಗುಗಳು ಬರಿದಾಗಿಯೇ ಇರುತ್ತವೆ. ಬಣ್ಣದ ನೀರು ಆ ತಗ್ಗುಗಳಿಗೆ ನುಗ್ಗುತ್ತದೆ. ಮೂರ್ ಚಿತ್ರಗಳ ಗೆರೆ ಹಳೆಯ ಗೋಡೆಯ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ, ಕಲ್ಲಿನ ಮೈಯ ಹಾಗೆ ತರಿತರಿಯಾಗಿ ಕಾಣುವುದು ಇದಕ್ಕೇ. ಶಿಲ್ಪಿಗೆ ಕಾಗದದ ಮೇಲೆ ಕಲ್ಲು ಸಿಕ್ಕಂತಾಯಿತು.

ಈ ಉಪಾಯಕ್ಕೆ ತಕ್ಕ ಕತ್ತಲು 1940ರ ಸೆಪ್ಟೆಂಬರಿನಲ್ಲಿ ಬಂತು. ಲಂಡನ್ ಮೇಲೆ ಜರ್ಮನ್ ಬಾಂಬುಗಳು ಬೀಳತೊಡಗಿದವು. ಒಂದು ಸಂಜೆ ಮೂರ್ ಮತ್ತು ಅವರ ಹೆಂಡತಿ ಐರಿನಾ ನೆಲದಡಿಯ ರೈಲಿನಲ್ಲಿ ಮನೆಗೆ ಬರುವಾಗ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಜನ ಹಾಸಿಕೊಂಡು ಮಲಗಿದ್ದರು. ತಾಯಂದಿರು, ಮಕ್ಕಳು, ಮುದುಕಿಯರು. ಆ ತಿಂಗಳ ಕೊನೆಯ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೀಗೆ ಸುರಂಗಗಳಲ್ಲಿ ರಾತ್ರಿ ಕಳೆಯುತ್ತಿದ್ದರು. ಮೂರ್ ಅಲ್ಲಿ ಕೂತು ಚಿತ್ರ ಬರೆಯಲಿಲ್ಲ. ಮಲಗಿದವರ ಎದುರು ಪೆನ್ಸಿಲ್ ಹಿಡಿದು ನಿಲ್ಲುವುದು ಅವರಿಗೆ ಸರಿ ಕಾಣಲಿಲ್ಲ. ಕದ್ದು ಒಂದೆರಡು ಟಿಪ್ಪಣಿ ಗೀಚಿಕೊಂಡು, ಮರುದಿನ ಮನೆಯಲ್ಲಿ ನೆನಪಿನಿಂದ ಬರೆಯುತ್ತಿದ್ದರು. ಮೊದಲು ತೆಳು ಬಣ್ಣದ ಮೇಣದಲ್ಲಿ ಮೈಗಳು, ಮೇಲೆ ಕಪ್ಪು ಜಲವರ್ಣ, ಒಣಗಿದ ಮೇಲೆ ಮಸಿಯ ಗೆರೆ. ಕಪ್ಪು ನೀರು ಹರಿದಲ್ಲೆಲ್ಲ ಸುರಂಗ, ನೀರು ನಿಲ್ಲದಿದ್ದಲ್ಲಿ ಹೊದಿಕೆ, ಮೊಣಕಾಲು, ತೆರೆದ ಬಾಯಿ. ಈ ಚಿತ್ರಗಳಿದ್ದ ಸ್ಕೆಚ್ ಪುಸ್ತಕಗಳಲ್ಲೊಂದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1946ರಲ್ಲಿ ಮಗಳು ಮೇರಿ ಹುಟ್ಟಿದಳು. ಮೂರ್ ಕಾಗದದ ಮೇಲೆ ಮನೆ, ಮಕ್ಕಳು, ಉಣ್ಣೆಯ ಉಂಡೆ ಬರತೊಡಗಿದ್ದು ಆ ವರ್ಷಗಳಲ್ಲಿ. ಸುರಂಗದಲ್ಲಿ ಕಂಬಳಿ ಹೊದ್ದು ಮಲಗಿದ್ದ ಹೆಂಗಸರೇ ಎದ್ದು ಕೂತು ಎಳೆ ಸುತ್ತುತ್ತಿದ್ದಾರೆ ಅನ್ನಿಸುತ್ತದೆ ನನಗೆ. ಕ್ರೇಯಾನು ಅದೇ, ಮೈಯೂ ಅದೇ.

ನೀರು ಜಿಡ್ಡಿನ ಈ ಜಗಳದಿಂದ ಕನ್ನಡಕ್ಕೂ ಒಂದು ಉಪಕಾರವಾಗಿದೆ. ಬವೇರಿಯದ ಅಲೋಯಿಸ್ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ ಕಲ್ಲಚ್ಚು ನಿಂತಿರುವುದು ಇದರ ಮೇಲೆಯೇ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲೋ ಮಸಿಯಲ್ಲೋ ಬರೆದು, ಕಲ್ಲನ್ನು ಒದ್ದೆ ಮಾಡಿದರೆ ನೀರು ಬರಿಗಲ್ಲಿಗೆ ಹಿಡಿಯುತ್ತದೆ, ಬರಹಕ್ಕೆ ಹಿಡಿಯುವುದಿಲ್ಲ. ಮೇಲೆ ಎಣ್ಣೆಯ ಶಾಯಿ ಉರುಳಿಸಿದರೆ ಅದು ಬರಹಕ್ಕಷ್ಟೇ ಅಂಟುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಹೀಗೆ, ಕಲ್ಲಿನ ಮೇಲೆ. ಕನ್ನಡದ ಮೊದಲ ಪತ್ರಿಕೆ ಹೊರಬಂದದ್ದು ಮೊಂಬತ್ತಿಯ ಗುಟ್ಟಿನ ಚೀಟಿಯ ಅಣ್ಣನಾಗಿ ಅನ್ನಬಹುದು.

ಆ ಇಬ್ಬರು ಹೆಂಗಸರ ಕೈಯಲ್ಲಿರುವ ಉಣ್ಣೆಯೂ ಈ ಬಳಗದ್ದೇ. ಕುರಿಯ ಚರ್ಮದ ಗ್ರಂಥಿಗಳು ಒಸರುವ ಲ್ಯಾನೊಲಿನ್ ರಾಸಾಯನಿಕವಾಗಿ ಕೊಬ್ಬಲ್ಲ, ಮೇಣ. ಗಿರಣಿಯಲ್ಲಿ ಉಣ್ಣೆ ತೊಳೆಯುವಾಗ ಅದರ ಬಹುಪಾಲು ಹೋಗಿ, ತುಟಿಗೆ ಹಚ್ಚುವ ಮುಲಾಮುಗಳಿಗೆ ಸೇರುತ್ತದೆ. ಅದು ಹೋದ ಮೇಲೂ ಉಣ್ಣೆಯ ಎಳೆಯ ಹೊರಮೈಗೆ ಕೊಬ್ಬಿನ ಆಮ್ಲದ ಅತಿ ತೆಳು ಪದರ ಅಂಟಿಕೊಂಡೇ ಇರುತ್ತದೆ. ಹನಿಯನ್ನು ಒಲ್ಲೆನ್ನುವ ಇದೇ ಎಳೆ, ಆವಿಯನ್ನು ಮಾತ್ರ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರ ಒಳಗೆ ಎಳೆದುಕೊಳ್ಳಬಲ್ಲದು. ಮಲೆನಾಡಿನ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಬಗ್ಗಿ ನಿಂತವರ ಬೆನ್ನು ಸಾಕಷ್ಟು ಹೊತ್ತು ಬೆಚ್ಚಗಿರುವುದಕ್ಕೆ ಇದೂ ಒಂದು ಕಾರಣ.

ಕಾಗದದ ಮೇಲಿನ ಇಂಥ ಚಿತ್ರಗಳನ್ನು ಮ್ಯೂಸಿಯಂಗಳು ಸುಮಾರು 50 ಲಕ್ಸ್‌ನ ಮಂದ ಬೆಳಕಿನಲ್ಲಿ ಕೆಲವು ಕಾಲ ತೋರಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಹಾಕಿಡುತ್ತವೆ. ಬೆಳಕಿಗೆ ಬಣ್ಣ ಮಾಸುತ್ತದೆ, ಬಿಸಿಗೆ ಮೇಣ ಮೆತ್ತಗಾಗುತ್ತದೆ. ನ್ಯೂಯಾರ್ಕ್ ದೂರವಾದ್ದರಿಂದ ನಾನು ಕಳೆದ ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಸ್ವಂತ ಪ್ರಯೋಗಕ್ಕೆ ಇಳಿದೆ. ಅತ್ತೆ ಮಲ್ಲಿಗೆ ಕಟ್ಟುತ್ತ ಕೂತಿದ್ದರು. ಕೇಕಿನ ಮೇಲಿನ ಗಿಡ್ಡ ಮೊಂಬತ್ತಿ ತಗೊಂಡು, ಏನೂ ಕಾಣದಿದ್ದರೂ ಅಂದಾಜಿನ ಮೇಲೆ ಅವರನ್ನು ಬರೆದೆ. ಮೊದಲನೇ ಹಾಳೆಯ ಶಾಯಿನೀರಿಗೆ ಮಗಳು, ಏನಾಗುತ್ತದೋ ನೋಡೋಣ ಅಂತ, ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿಬಿಟ್ಟಿದ್ದಳು. ಸೋಪು ನೀರಿನ ಅಣುಗಳ ಕೈಹಿಡಿತ ಸಡಿಲ ಮಾಡುತ್ತದೆ, ಹಾಗಾಗಿ ನೀಲಿ ನೀರು ಮೇಣದ ಮೇಲೂ ಹರಡಿಕೊಂಡು ಚಿತ್ರವೆಲ್ಲ ಮಬ್ಬಾಯಿತು. ಎರಡನೇ ಹಾಳೆಗೆ ಬರೀ ಶಾಯಿನೀರು ಸವರಿದೆ. ನೀಲಿಯ ನಡುವೆ ಬೆಳ್ಳಗೆ ಒಂದು ಆಕಾರ ಎದ್ದು ಬಂತು. ಅತ್ತೆ ಕನ್ನಡಕ ಏರಿಸಿ, ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದರು.

“ಯಾರಪ್ಪಾ ಇದು? ಬಳೆ ಒಂದು ನನ್ನ ಥರಾನೇ ಇದೆ” ಅಂದರು.