ಅಜ್ಜಿಯ ಕೈ ಅಚ್ಚು ತೆಗೆಯಲು ಪಿಒಪಿ ನೇರವಾಗಿ ಹಚ್ಚಬಹುದೇ?

ಪ್ರಶ್ನೆ: ನಾನು ಬಾಗಲಕೋಟೆಯವಳು, ಶಿಲ್ಪಕಲೆ ಕಲಿಯುತ್ತಿದ್ದೇನೆ. ನಮ್ಮ ಅಜ್ಜಿಯ ಕೈಯ ಅಚ್ಚು ತೆಗೆದು ಇಟ್ಟುಕೊಳ್ಳಬೇಕು ಅಂತ ಆಸೆ. ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಅನ್ನು ನೇರವಾಗಿ ಕೈಗೆ ಹಚ್ಚಿದರೆ ನಡೆಯುತ್ತದೆಯೇ?

ಉತ್ತರ: ಬೇಡ, ದಯವಿಟ್ಟು ಬೇಡ. ಪಿಒಪಿ ನೀರು ಹೀರಿ ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ತೆಳ್ಳಗಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಬಕೆಟ್ ತುಂಬ ಇದ್ದರೆ ಒಳಗೇ ಉಳಿದು 60 ಡಿಗ್ರಿ ಮುಟ್ಟಬಹುದು. ಅಷ್ಟೊತ್ತಿಗೆ ಅದು ಗಟ್ಟಿಯಾಗಿ ಕೈ ಹೊರಗೆ ಬರುವುದೇ ಇಲ್ಲ. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ 16 ವರ್ಷದ ಹುಡುಗಿಯೊಬ್ಬಳು ಶಾಲೆಯ ಕಲಾ ತರಗತಿಯಲ್ಲಿ ಹೀಗೆ ಕೈ ಅದ್ದಿ ಹೆಚ್ಚಿನ ಬೆರಳುಗಳನ್ನು ಕಳೆದುಕೊಂಡಳು. ವಯಸ್ಸಾದವರ ಚರ್ಮವಂತೂ ಇನ್ನೂ ತೆಳು.

ಮೂಳೆ ಮುರಿದಾಗ ಡಾಕ್ಟರು ಹಾಕುವುದೂ ಅದೇ ಅಲ್ವಾ? ಹೌದು. ಆದರೆ ಅವರು ಮೊದಲು ಹತ್ತಿ ಸುತ್ತಿ, ಅದರ ಮೇಲೆ ಬ್ಯಾಂಡೇಜಿನ ತೆಳು ಪದರ ಹಾಕುತ್ತಾರೆ.

ನಿಮಗೆ ಬೇಕಾದದ್ದು ಆಲ್ಜಿನೇಟ್. ಕಡಲ ಪಾಚಿಯಿಂದ ತೆಗೆದ ಪುಡಿ ಇದು. ಹಲ್ಲಿನ ಡಾಕ್ಟರು ಬಾಯಿಯ ಅಳತೆ ತೆಗೆಯುವುದು ಇದರಿಂದಲೇ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ದಂತ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿ, ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಗಟ್ಟಿಯಾದ ಮೇಲೂ ಇದು ರಬ್ಬರಿನ ಹಾಗೆ ಬಾಗುತ್ತದೆ, ಹಾಗಾಗಿ ಕೈ ಸಲೀಸಾಗಿ ಹೊರಬರುತ್ತದೆ. ಕೈ ಇದ್ದ ಜಾಗದಲ್ಲಿ ಉಳಿಯುವ ಪೊಳ್ಳಿಗೆ ಆಮೇಲೆ ಪಿಒಪಿ ಸುರಿದರೆ ಅಜ್ಜಿಯ ಕೈಯ ಪ್ರತಿರೂಪ ಸಿಗುತ್ತದೆ.

ಎಷ್ಟು ಕಲಸಬೇಕು ಎಂಬ ಲೆಕ್ಕವನ್ನು ನೀರಿನಿಂದಲೇ ತೆಗೆಯಿರಿ. ಕೈ ಹಿಡಿಸುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅಜ್ಜಿ ಕೈ ಇಟ್ಟುಕೊಳ್ಳಲಿ. ಮಣಿಕಟ್ಟು ಮುಳುಗುವಷ್ಟು ನೀರು ಹಾಕಿ, ಅಲ್ಲಿಗೆ ಗುರುತು ಮಾಡಿ. ಕೈ ತೆಗೆದ ಮೇಲೆ ಉಳಿದ ನೀರೆಷ್ಟೋ ಅಷ್ಟು ಆಲ್ಜಿನೇಟ್ ಬೇಕು. ಗುರುತಿನವರೆಗೆ ಮತ್ತೆ ತುಂಬಲು ಎಷ್ಟು ನೀರು ಹಿಡಿಯಿತೋ ಅಷ್ಟು ಪಿಒಪಿ ಬೇಕು. ಕೈ ಆ ಡಬ್ಬಿಯ ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು, ನೆನಪಿರಲಿ.

ಆಲ್ಜಿನೇಟ್ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ, ನೀರು ಬೆಚ್ಚಗಿದ್ದರೆ ಇನ್ನೂ ಬೇಗ. ನಮ್ಮ ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಟ್ಯಾಂಕಿನ ನೀರು ಕೈ ಸುಡುತ್ತದೆ. ಬೆಳಿಗ್ಗೆಯೇ ಮಾಡಿ, ಹರವಿಯ ನೀರು ಬಳಸಿ. ಪುಡಿ, ನೀರಿನ ಪ್ರಮಾಣ ಪ್ಯಾಕೆಟ್ ಮೇಲೆ ಇರುತ್ತದೆ.

ಅಜ್ಜಿಯನ್ನು ಕುರ್ಚಿಯ ಮೇಲೆ ಆರಾಮಾಗಿ ಕೂರಿಸಿ, ಬಳೆ, ಉಂಗುರ ತೆಗೆಸಿ. ಬಳೆ ತೆಗೆಯಲು ಮನಸ್ಸಿಲ್ಲದಿದ್ದರೆ ಮೊಣಕೈ ಕಡೆ ಸರಿಸಿದರೂ ಸಾಕು. ಕಲಸಿದ ಆಲ್ಜಿನೇಟನ್ನು ಮೊದಲು ಬೆರಳ ಸಂದಿಗೆ, ಉಗುರಿನ ಸುತ್ತ ತಿಕ್ಕಿ, ಆಮೇಲೆ ಕೈ ಇಳಿಸಿ. ಇಲ್ಲದಿದ್ದರೆ ಅಲ್ಲೆಲ್ಲ ಗಾಳಿಗುಳ್ಳೆ ಕೂರುತ್ತದೆ. ಗಟ್ಟಿಯಾದ ಮೇಲೆ ಬೆರಳನ್ನು ಸ್ವಲ್ಪ ಸ್ವಲ್ಪವೇ ಆಡಿಸಲು ಹೇಳಿ. ಒಳಗೆ ಗಾಳಿ ಹೋಗುತ್ತದೆ, ಕೈ ಜಾರಿ ಬರುತ್ತದೆ. ಎಳೆಯಬೇಡಿ.

ಇಲ್ಲಿ ತಡ ಮಾಡಬೇಡಿ. ಆಲ್ಜಿನೇಟ್ ನೀರು ಕಳೆದುಕೊಂಡು ಕುಗ್ಗುತ್ತದೆ. ಮರುದಿನ ನೋಡೋಣ ಅಂದರೆ ಬೆರಳೆಲ್ಲ ಸಣ್ಣಗಾಗಿರುತ್ತವೆ. ಕೂಡಲೇ ಪಿಒಪಿ ಕಲಸಿ. ನೀರಿಗೆ ಪುಡಿ ಉದುರಿಸಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು. ಒಂದೆರಡು ನಿಮಿಷ ನೆನೆಯಲು ಬಿಟ್ಟು ನಿಧಾನಕ್ಕೆ ತಿರುವಿ. ಮೊದಲು ಸ್ವಲ್ಪವೇ ಸುರಿದು, ಡಬ್ಬಿಯನ್ನು ಓರೆ ಮಾಡುತ್ತ ಒಂದೊಂದೇ ಬೆರಳಿನ ತುದಿಗೆ ಹರಿಸಿ. ಈ ಹಂತಕ್ಕೆ ಎಷ್ಟು ತಾಳ್ಮೆ ಕೊಟ್ಟರೂ ಕಡಿಮೆಯೇ. ಬೆರಳ ತುದಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಉಗುರೇ ಇಲ್ಲದ ಕೈ ಸಿಗುತ್ತದೆ. ಆಮೇಲೆ ಪೂರ್ತಿ ತುಂಬಿ, ಡಬ್ಬಿಯನ್ನು ಮೆಲ್ಲಗೆ ತಟ್ಟಿ.

ಪಿಒಪಿ ಬಿಸಿಯಾಗಿ ತಣ್ಣಗಾಗುವವರೆಗೆ ಕಾಯಿರಿ. ನಂತರ ಆಲ್ಜಿನೇಟನ್ನು ಐಸ್‌ಕ್ರೀಮ್ ಕಡ್ಡಿಯಿಂದ ಚೂರು ಚೂರಾಗಿ ಬಿಡಿಸಿ. ಚಾಕು ಬೇಡ, ಹಸಿ ಬೆರಳು ಬೇಗ ಮುರಿಯುತ್ತದೆ. ನರ, ಸುಕ್ಕು, ಗೆಣ್ಣಿನ ಗೆರೆ ಎಲ್ಲ ಮೂಡಿರುತ್ತವೆ. ಕೈ ಮೇಲಿನ ಹಚ್ಚೆ ಮಾತ್ರ ಬರುವುದಿಲ್ಲ, ಅದು ಬಣ್ಣವಷ್ಟೇ ತಾನೇ. ಬೇಕಿದ್ದರೆ ಒಣಗಿದ ಮೇಲೆ ನೀವೇ ಬರೆಯಿರಿ.

ಮುಖದ ಅಚ್ಚನ್ನು ಮಾತ್ರ ಅನುಭವಿಗಳ ಜೊತೆ ಇಲ್ಲದೆ ಮಾಡಬೇಡಿ. ಮೂಗಿನ ಹೊಳ್ಳೆ ಪೂರ್ತಿ ತೆರೆದಿರಬೇಕು. ಆಲ್ಜಿನೇಟ್ ಜೋಲು ಬೀಳದಂತೆ ಮೇಲೆ ಪ್ಲಾಸ್ಟರ್ ಬ್ಯಾಂಡೇಜಿನ ಕವಚವೂ ಬೇಕು.

ಆಲ್ಜಿನೇಟ್ ಅಚ್ಚು ಒಂದೇ ಸಲಕ್ಕೆ ಮುಗಿಯುತ್ತದೆ. ಮನೆಮಂದಿಗೆಲ್ಲ ಒಂದೊಂದು ಕೈ ಬೇಕಾದರೆ, ಚೆನ್ನಾಗಿ ಒಣಗಿದ ಪಿಒಪಿ ಕೈಯಿಂದ ಸಿಲಿಕೋನ್ ಅಚ್ಚು ತೆಗೆಯಿರಿ. ಅದರಲ್ಲಿ ಬೇಕಾದಷ್ಟು ಸಲ ಎರಕ ಹೊಯ್ಯಬಹುದು, ಅಜ್ಜಿಗೆ ಮತ್ತೆ ತೊಂದರೆ ಕೊಡಬೇಕಿಲ್ಲ.