ನಾಲ್ಕು ಇಂಚು ಎಳೆದು ನೋಡದೆ ಕತ್ತರಿ ಹಿಡಿಯಬೇಡಿ

ಕಳೆದ ಮಳೆಗಾಲದಲ್ಲಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ತಾವೇ ಹೊಲಿದ ಕಡುನೀಲಿ ಟಾಪ್ ಒಂದನ್ನು ನನ್ನ ಹೊಲಿಗೆ ತರಗತಿಗೆ ತಂದಿದ್ದರು. ತಮಗೆ ಚೆನ್ನಾಗಿ ಕೂರುವ ಹತ್ತಿಯ ಕುರ್ತಿಯ ಪೇಪರ್ ಕಟಿಂಗನ್ನೇ (ಅಳತೆಗೆ ಕತ್ತರಿಸಿಟ್ಟ ಕಾಗದದ ನಮೂನೆಯನ್ನೇ) ಬನಿಯನ್ ಬಟ್ಟೆಯ ಮೇಲೆ ಹಾಸಿ ಕತ್ತರಿಸಿದ್ದರು. ಕಂಕುಳ ಬಳಿ ಬಟ್ಟೆ ಜೋತುಬಿದ್ದಿತ್ತು, ಎದೆಯ ಡಾರ್ಟಿನ (ಉಬ್ಬಿಗೆ ತಕ್ಕಂತೆ ಚೂಪಾಗಿ ಹೊಲಿಯುವ ಮಡಿಕೆಯ) ತುದಿ ಗುಳ್ಳೆಯಂತೆ ಎದ್ದು ನಿಂತಿತ್ತು, ಭುಜದ ಹೊಲಿಗೆ ತೋಳಿನ ಕಡೆಗೆ ಜಾರಿತ್ತು. "ನನ್ನ ಮೈಕಟ್ಟಿಗೆ ಟಿ-ಶರ್ಟ್ ಬಟ್ಟೆ ಒಪ್ಪೋದಿಲ್ಲ, ಅಲ್ವಾ ಅಕ್ಕಾ?" ಎಂದು ಅವರು ಕೇಳಿದಾಗ ನನಗೆ ಬಹಳ ಬೇಸರವಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಇದೇ ಮಾತನ್ನು ಬೇರೆ ಬೇರೆ ಬಾಯಿಗಳಿಂದ ಕೇಳುತ್ತಿದ್ದೇನೆ. ಕಾಗದದ ತಪ್ಪನ್ನು ಹೆಣ್ಣುಮಕ್ಕಳು ತಮ್ಮ ಮೈಯ ಮೇಲೆ ಹೊತ್ತುಕೊಳ್ಳುವುದನ್ನು ನಾನು ಸಹಿಸಲಾರೆ.

ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು, ಅಂದರೆ ಉದ್ದದ ಮತ್ತು ಅಡ್ಡದ ನೂಲುಗಳು, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆದ್ದರಿಂದ ನಾವು ಉಸಿರಾಡಲು, ಕೈ ಎತ್ತಲು, ಕುಳಿತು ಏಳಲು ಬೇಕಾದ ಜಾಗವನ್ನು ಕಟಿಂಗಿನಲ್ಲೇ ಲೂಸ್ ಎಂದು ಬಿಡಬೇಕಾಗುತ್ತದೆ. 38 ಇಂಚಿನ ಎದೆಗೆ ಕುರ್ತಿಯನ್ನು 41 ಅಥವಾ 42 ಇಂಚಿಗೆ ಕತ್ತರಿಸುವುದು ಇದಕ್ಕಾಗಿಯೇ. ಬನಿಯನ್, ಟಿ-ಶರ್ಟ್‌ಗಳಂಥ ಹೆಣೆದ ಬಟ್ಟೆಯಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಎಳೆದಾಗ ಕುಣಿಕೆ ಅಗಲವಾಗಿ ಜಾಗ ಕೊಡುತ್ತದೆ, ಬಿಟ್ಟಾಗ ಕೂಡಿಕೊಳ್ಳುತ್ತದೆ. ಬೇಕಾದ ಲೂಸ್ ಬಟ್ಟೆಯಲ್ಲೇ ಇರುವಾಗ ಕಾಗದದಲ್ಲೂ ಅದನ್ನು ಸೇರಿಸಿದರೆ ಜೋತುಬೀಳದೆ ಬೇರೇನಾದೀತು?

ಇಷ್ಟನ್ನು ಹೇಳಿದ ಕೂಡಲೇ ನನ್ನ ವಿದ್ಯಾರ್ಥಿನಿಯರು ಇನ್ನೊಂದು ತಪ್ಪಿಗೆ ಹೊರಳುತ್ತಾರೆ. "ಹಾಗಾದರೆ ಎಲ್ಲದಕ್ಕೂ ಎರಡು ಇಂಚು ಕಡಿಮೆ ಇಟ್ಟರಾಯಿತು" ಎನ್ನುತ್ತಾರೆ. ಎಷ್ಟು ಹಿಗ್ಗುವ ಬಟ್ಟೆಗೆ ಎರಡು ಇಂಚು ಎಂದು ನಾನು ಕೇಳಿದರೆ ಉತ್ತರ ಬರುವುದಿಲ್ಲ. ಎದೆ, ಸೊಂಟ, ಭುಜ, ತೋಳು ಎಲ್ಲವನ್ನೂ ಟೇಪಿನಿಂದ ಅಳೆದವರು ಬಟ್ಟೆಯ ಹಿಗ್ಗನ್ನು ಮಾತ್ರ ಅಳೆದಿರುವುದಿಲ್ಲ. ಹೆಣೆದ ಬಟ್ಟೆಯ ಕೆಲಸದಲ್ಲಿ ಅದೂ ಎದೆಸುತ್ತಿನಷ್ಟೇ ಮುಖ್ಯವಾದ ಅಳತೆ.

ಅದನ್ನು ಅಳೆಯುವ ಬಗೆ ಹೀಗೆ. ಬಟ್ಟೆಯನ್ನು ಮೊದಲು ಒಗೆದು ಒಣಗಿಸಿಕೊಳ್ಳಿ. ಹತ್ತಿಯ ಬನಿಯನ್ ಬಟ್ಟೆ ಮೊದಲ ಒಗೆತದಲ್ಲಿ, ವಿಶೇಷವಾಗಿ ಉದ್ದದಲ್ಲಿ, ಕುಗ್ಗುತ್ತದೆ. ಅಂಚಿನಿಂದ ಒಂದು ಗೇಣು ಒಳಗೆ ಬಟ್ಟೆಯನ್ನು ಅಡ್ಡಲಾಗಿ ಮಡಿಸಿ, ಮಡಿಕೆಯ ಮೇಲೆ 4 ಇಂಚು ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ, ಸ್ಕೇಲಿನ ಪಕ್ಕದಲ್ಲಿಟ್ಟು ಹದವಾಗಿ ಎಳೆಯಿರಿ. 4 ಇಂಚು 5 ಇಂಚಾದರೆ ಶೇ 25ರಷ್ಟು ಹಿಗ್ಗು. 6 ಇಂಚಾದರೆ ಶೇ 50. ಮಡಿಕೆಯ ಅಂಚು ಹಗ್ಗದಂತೆ ಸುರುಳಿಗಟ್ಟುವವರೆಗೆ ಎಳೆದು ಬಂದ ಅಂಕೆ ಲೆಕ್ಕಕ್ಕಿಲ್ಲ, ಅಷ್ಟು ಬಿಗಿಯಾದ ಉಡುಪನ್ನು ಯಾರೂ ದಿನವಿಡೀ ತೊಡಲಾರರು. ಇನ್ನು ಕೈ ಬಿಟ್ಟು ಮತ್ತೆ ಅಳೆಯಿರಿ. ಬಟ್ಟೆ 4 ಇಂಚಿಗೇ ಮರಳಿದರೆ ಒಳ್ಳೆಯದು. ನಾಲ್ಕೂಕಾಲಕ್ಕೆ ನಿಂತರೆ ಅದು ಹಿಗ್ಗುವ ಬಟ್ಟೆ ನಿಜ, ಆದರೆ ಮೈಗೆ ಅಂಟುವಂತೆ ಕತ್ತರಿಸಲು ತಕ್ಕುದಲ್ಲ. ಸಂಜೆಯ ಹೊತ್ತಿಗೆ ಮೊಣಕೈಯಲ್ಲೂ ಹೊಟ್ಟೆಯ ಮೇಲೂ ಸಡಿಲಗೊಂಡಿರುತ್ತದೆ.

ಜನ ಲೈಕ್ರಾ ಎಂದು ಕರೆಯುವ, ರಬ್ಬರಿನಂತೆ ಹಿಗ್ಗಿ ಮರಳುವ ನೂಲನ್ನು 1958ರಲ್ಲಿ ಡ್ಯೂಪಾಂಟ್ ಕಂಪನಿಯ ರಸಾಯನವಿಜ್ಞಾನಿ ಜೋಸೆಫ್ ಶಿವರ್ಸ್ ಕಂಡುಹಿಡಿದರು. ಹತ್ತಿಯ ಜೊತೆ ಅದು ಶೇ 5ರಷ್ಟು ಸೇರಿದರೂ ಬಟ್ಟೆ ಹಿಂದಕ್ಕೆ ಮರಳುವ ರೀತಿಯೇ ಬದಲಾಗುತ್ತದೆ. ಒಂದೇ ಬಣ್ಣ, ಒಂದೇ ದಪ್ಪ, ಮುಟ್ಟಿದರೂ ಒಂದೇ ಎನಿಸುವ ಎರಡು ಬಟ್ಟೆಗಳು ಸೂಜಿ ಚುಚ್ಚಿ ಎಳೆದಾಗ ಬೇರೆಬೇರೆಯಾಗುವುದು ಇದರಿಂದಲೇ. ಅಂಗಡಿಯವರು ಹೆಣೆದ ಬಟ್ಟೆಗೆ ಹೆಸರಾದ ತಮಿಳುನಾಡಿನ ತಿರುಪ್ಪೂರಿನ ಮಾಲು ಎಂದರೆ ಅಷ್ಟಕ್ಕೇ ಒಪ್ಪಬೇಡಿ. ಅಲ್ಲಿಂದ ಎಲ್ಲ ಬಗೆಯ ಹೆಣಿಗೆಯೂ ಬರುತ್ತದೆ.

38 ಇಂಚಿನ ಎದೆಯವರಿಗೆ ಶೇ 25ರಷ್ಟು ಹಿಗ್ಗುವ ಬಟ್ಟೆಯಲ್ಲಿ ನಾನು ಟಾಪನ್ನು 38ಕ್ಕೇ, ಹೆಚ್ಚೆಂದರೆ 37ಕ್ಕೆ ಕತ್ತರಿಸುತ್ತೇನೆ. ಶೇ 50 ಹಿಗ್ಗಿ ಸರಿಯಾಗಿ ಮರಳುವ ಬಟ್ಟೆಯಾದರೆ 35 ಅಥವಾ 36 ಸಾಕು. ಇದು ನನ್ನ ಕೈಗೆ ಒಗ್ಗಿದ ಲೆಕ್ಕ. ಬಿಗಿ ಉಡುಪು ಇಷ್ಟಪಡದವರು ಒಂದು ಇಂಚು ಹೆಚ್ಚಿಸಿಕೊಳ್ಳಬಹುದು. ಹೆಚ್ಚಿಸುವಾಗ ಒಂದು ಎಚ್ಚರ ಬೇಕು. ಮಡಿಕೆಯ ಮೇಲಿಟ್ಟು ಕತ್ತರಿಸುವ ಪೇಪರಿನ ಮುಂಭಾಗ ಮತ್ತು ಹಿಂಭಾಗಗಳ ಪಕ್ಕಕ್ಕೆ ಅರ್ಧರ್ಧ ಇಂಚು ಸೇರಿಸಿದರೆ ಸುತ್ತಳತೆಯಲ್ಲಿ ಒಟ್ಟು 2 ಇಂಚು ಹೆಚ್ಚುತ್ತದೆ, ಒಂದು ಇಂಚಲ್ಲ. ಒಂದು ಇಂಚು ಬೇಕಾದವರು ಕಾಲು ಇಂಚು ಮಾತ್ರ ಸೇರಿಸಬೇಕು.

ಹೆಣೆದ ಬಟ್ಟೆಗೆ ಒಗ್ಗುವ ಪೇಪರ್ ಕಟಿಂಗ್ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ ನನ್ನ ಮೊದಲ ಉತ್ತರ: ನಿಮ್ಮ ಬೀರುವಿನಲ್ಲೇ ಇದೆ. ನಿಮಗೆ ತುಂಬಾ ಒಪ್ಪುವ ಹಳೆಯ ಟಿ-ಶರ್ಟನ್ನು ನಡುವೆ ಮಡಿಸಿ, ವೃತ್ತಪತ್ರಿಕೆಯ ಮೇಲೆ ಎಳೆಯದೆ ಹಾಸಿ, ಸೂಜಿ ಚುಚ್ಚಿ, ಹೊಲಿಗೆಯ ಗುಂಟ ಗುರುತು ಮಾಡಿ, ಹೊಲಿಗೆಯ ಮಾರ್ಜಿನ್ ಸೇರಿಸಿ. ಆದರೆ ಆ ಟಿ-ಶರ್ಟಿನ ಮೇಲೂ ನಾಲ್ಕು ಇಂಚಿನ ಪರೀಕ್ಷೆ ಮಾಡಿ, ಹೊಸ ಬಟ್ಟೆಯ ಹಿಗ್ಗು ಅದಕ್ಕೆ ಹತ್ತಿರವಿದ್ದರೆ ಮಾತ್ರ ಆ ಅಳತೆಯನ್ನು ಹಾಗೇ ಬಳಸಿ. ಹೆಣೆದ ಬಟ್ಟೆಗೆಂದೇ ಮಾಡಿದ ವಿದೇಶದ ಹಲವು ಪ್ಯಾಟರ್ನ್‌ಗಳಲ್ಲಿ (ಪೇಪರ್ ಕಟಿಂಗ್‌ಗಳಲ್ಲಿ) ಬಟ್ಟೆ ಎಷ್ಟು ಹಿಗ್ಗಬೇಕೆಂದು ತೋರಿಸುವ ಗೆರೆಯನ್ನು ಲಕೋಟೆಯ ಮೇಲೆಯೇ ಮುದ್ರಿಸಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ. ಅಮೆರಿಕದಲ್ಲಿರುವ ಮಗಳು ಕಳಿಸಿದ ಪ್ಯಾಟರ್ನನ್ನು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದ ತಾಯಿಯೊಬ್ಬರ ಟಾಪ್ ಎರಡು ಸಲ ಚಿಕ್ಕದಾಯಿತು. ಹಾಳೆಯ ಮೂಲೆಯಲ್ಲಿದ್ದ ಒಂದು ಇಂಚಿನ ಚೌಕವನ್ನು ಅಳೆದೆವು; ಅದು ಮುಕ್ಕಾಲು ಇಂಚಿಗಿಂತ ಸ್ವಲ್ಪ ದೊಡ್ಡದಿತ್ತು. ಕಾಗದಕ್ಕೆ ಹೊಂದುವಂತೆ ಕಂಪ್ಯೂಟರು ಇಡೀ ಚಿತ್ರವನ್ನು ಕುಗ್ಗಿಸಿತ್ತು.

ತುಂಬಿದ ಎದೆಯವರು ಸೈಜನ್ನು ಎದೆಯ ತುಂಬುಸುತ್ತಿನಿಂದ (ಅತಿ ಉಬ್ಬಿದ ಜಾಗದ ಸುತ್ತಳತೆಯಿಂದ) ಆರಿಸಿದರೆ ಭುಜವೂ ಕತ್ತೂ ದೊಡ್ಡದಾಗುತ್ತವೆ. ಟೇಪನ್ನು ಕಂಕುಳ ಕೆಳಗಿನಿಂದ ತಂದು ಎದೆಯ ಮೇಲ್ಭಾಗದಲ್ಲಿ ಸುತ್ತಿ ಅಳೆಯಿರಿ. ತುಂಬುಸುತ್ತಿಗೂ ಇದಕ್ಕೂ 2 ಇಂಚಿನಷ್ಟು ಅಂತರವಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. 4 ಇಂಚೋ 5 ಇಂಚೋ ಆದರೆ ಮೇಲಿನ ಸುತ್ತಿಗೆ ಹೊಂದುವ ಚಿಕ್ಕ ಸೈಜನ್ನು ಆರಿಸಿ, ಮುಂಭಾಗಕ್ಕೆ ಮಾತ್ರ ಎದೆಯ ಮಟ್ಟದಲ್ಲಿ ಅಗಲವನ್ನೂ ಸುಮಾರು ಒಂದು ಇಂಚು ಉದ್ದವನ್ನೂ ಸೇರಿಸಿ. ಹೆಚ್ಚಾದ ಆ ಉದ್ದವನ್ನು ಪಕ್ಕದ ಹೊಲಿಗೆಯಲ್ಲಿ, ಎದೆಯ ಮಟ್ಟದ ಎರಡು ಮೂರು ಇಂಚಿನೊಳಗೆ, ಸಣ್ಣ ನೆರಿಗೆಯಾಗಿ ಕೂಡಿಸಬಹುದು, ಅಥವಾ ಪುಟ್ಟ ಡಾರ್ಟ್ ಇಡಬಹುದು. ಹೆಣೆದ ಬಟ್ಟೆಯಲ್ಲಿ ಡಾರ್ಟ್ ಇಡಲೇಬಾರದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮುಂದಿನ ಉದ್ದ ಸಾಲದಿದ್ದರೆ ಟಾಪಿನ ಅಂಚು ಮುಂದೆ ಮೇಲೇರುತ್ತದೆ, ಎದೆಯಿಂದ ಕಂಕುಳಿಗೆ ಗೆರೆಗಳು ಬೀಳುತ್ತವೆ. ಇನ್ನು ಹೊಟ್ಟೆಯ ಹತ್ತಿರ ಬಿಗಿ ಬೇಡ. ಎದೆಯಲ್ಲಿ ಹಿಡಿದು, ಕೆಳಗೆ ಮೈಯನ್ನು ಸವರಿಕೊಂಡು ಇಳಿಯುವ ಟಾಪ್ ಎಲ್ಲ ವಯಸ್ಸಿನವರಿಗೂ ಒಪ್ಪುವುದನ್ನು ಕಂಡಿದ್ದೇನೆ.

ಹೊಲಿಯುವಾಗ ದುಂಡುತುದಿಯ ಬಾಲ್‌ಪಾಯಿಂಟ್ ಸೂಜಿ, ಸಣ್ಣ ಜಿಗ್‌ಜಾಗ್ (ಅಂಕುಡೊಂಕು) ಹೊಲಿಗೆ, ಭುಜದ ಹೊಲಿಗೆಯೊಳಗೆ ಹಿಗ್ಗದ ತೆಳು ಟೇಪು ಇವನ್ನು ಮರೆಯಬೇಡಿ.

ಶಿಕ್ಷಕಿಯ ಉಳಿದ ನೀಲಿ ಬಟ್ಟೆಯಲ್ಲಿ 4 ಇಂಚು ಐದೂಕಾಲಕ್ಕೆ ಬಂತು, ಬಿಟ್ಟ ಕೂಡಲೇ ಮರಳಿತು. ಕುರ್ತಿಯ ಪೇಪರಿನ ಲೂಸನ್ನೆಲ್ಲ ತೆಗೆದೆವು, ಕಂಕುಳನ್ನು ಅರ್ಧ ಇಂಚು ಮೇಲಕ್ಕೇರಿಸಿದೆವು, ಭುಜವನ್ನು ಕಾಲು ಇಂಚು ಒಳಗೆ ತಂದೆವು, ತೋಳಿನ ತಲೆಯಲ್ಲಿದ್ದ ಹೆಚ್ಚುವರಿ ಬಟ್ಟೆಯನ್ನು ಇಳಿಸಿದೆವು. ಬಟ್ಟೆ ಸಾಲದೆ ತೋಳು ಮೊಣಕೈಗೇ ನಿಂತಿತು. ಕನ್ನಡಿಯ ಮುಂದೆ ಅವರು ಎರಡೂ ಕೈಗಳನ್ನು ಮೇಲೆತ್ತಿ, ಕಪ್ಪು ಹಲಗೆಯ ತುದಿಯಲ್ಲಿ ಬರೆಯುವಂತೆ ಮಾಡಿ ನೋಡಿದರು. ಟಾಪಿನ ಅಂಚು ಸೊಂಟದಿಂದ ಮೇಲೇಳಲಿಲ್ಲ.