ಮಳೆಗೆ ಕೆಟ್ಟ ಕಾರ್ಡ್ ಅಲ್ಲ ಅದು

ಮಳೆಗಾಲದಲ್ಲಿ ಗೋಣಿಕೊಪ್ಪದ ನಮ್ಮ ಅಂಗಡಿಗೆ ಕಂಪ್ಯೂಟರ್ ಬಂತೆಂದರೆ ಮೊದಲ ಅನುಮಾನ ತೇವದ ಮೇಲೆ, ಆಮೇಲೆ ಸಿಡಿಲಿನ ಮೇಲೆ. ಹಾಗಾಗಿ ಸಿದ್ದಾಪುರ ಕಡೆಯ ಹುಡುಗನೊಬ್ಬ "ಅಣ್ಣಾ, ಹೊಸ ಡೂಮ್ ಗೇಮ್ ಓಪನ್ನೇ ಆಗ್ತಿಲ್ಲ, ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅನ್ಸುತ್ತೆ" ಎಂದಾಗ ನಾನೂ ಪರದೆಗೆ ಚಿತ್ರ ಮೂಡಿಸುವ ಆ ಕಾರ್ಡ್ ಬಿಚ್ಚಿ ಬೂಷ್ಟು ಹುಡುಕಿದೆ. ಏನೂ ಇರಲಿಲ್ಲ. ಹಳೆಯ ಆಟಗಳೆಲ್ಲ ಸಲೀಸಾಗಿ ಓಡಿದವು.

ಅವನದು 2017ರ ಜಿಟಿಎಕ್ಸ್ 1080 ಟಿಐ. 11 ಜಿಬಿ ಮೆಮೊರಿ. ಅಂದಿನ ರಾಜ ಅದು. ಆದರೆ 2025ರ 'ಡೂಮ್: ದಿ ಡಾರ್ಕ್ ಏಜಸ್' ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಜಾಡು ಹಿಡಿಯುವ ಲೆಕ್ಕ) ಇಲ್ಲದೆ ಶುರುವೇ ಆಗುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಲೂ ಆಗದು.

ತೋಟದಲ್ಲಿ ಸಿಲ್ವರ್ ಓಕ್ ಸಂದಿಯಿಂದ ಬಿಸಿಲು ಇಳಿದು, ಕಾಫಿ ಎಲೆಗೆ ಬಡಿದು, ಕೆಳಗಿನ ಮಣ್ಣಿಗೂ ಸ್ವಲ್ಪ ಬೆಳಕು ಕೊಡುತ್ತದೆ ಅಲ್ವಾ? ಹಿಂದೆ ಇಂಥ ಬೆಳಕನ್ನು ಆಟ ಕಟ್ಟುವವರೇ ಮೊದಲೇ ಲೆಕ್ಕ ಹಾಕಿ ಗೋಡೆ, ನೆಲಕ್ಕೆ ಅಂಟಿಸಿಡುತ್ತಿದ್ದರು. ಈಗ ನಾವು ಆಡುತ್ತಿರುವಾಗಲೇ ಕಾರ್ಡ್ ಒಂದೊಂದು ಕಿರಣವೂ ಎಲ್ಲಿ ಬಡಿಯಿತು ಎಂದು ಹುಡುಕಬೇಕು. ಈ ಹುಡುಕಾಟಕ್ಕೆಂದೇ ಚಿಪ್‌ನಲ್ಲಿ ಬೇರೆ ಭಾಗ ಬೇಕು. ಚಿಪ್ ಕಂಪನಿ ಎನ್ವಿಡಿಯಾ ಅದನ್ನು 2018ರ ಆರ್‌ಟಿಎಕ್ಸ್ 20 ಸಾಲಿನಿಂದ ಕೊಟ್ಟಿತು, ಅದರ ಎದುರಾಳಿ ಎಎಂಡಿ 2020ರ ಆರ್‌ಎಕ್ಸ್ 6000 ಸಾಲಿನಿಂದ. ಹುಡುಗನ ಕಾರ್ಡ್ ಅದಕ್ಕೂ ಹಿಂದಿನದು.

ಹಳೆಯ ಕಾರ್ಡಿಗೊಂದು, ಹೊಸದಕ್ಕೊಂದು ಎಂದು ಎರಡೆರಡು ಬಗೆಯ ಬೆಳಕು ಮಾಡುವುದು ಆಟ ಕಟ್ಟುವವರಿಗೆ ದುಪ್ಪಟ್ಟು ಕೆಲಸ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ 'ಅಸ್ಸಾಸಿನ್ಸ್ ಕ್ರೀಡ್ ಶ್ಯಾಡೋಸ್' ಎಂಬ ಆಟ ಹಳೆಯ ಕಾರ್ಡ್‌ಗಳಿಗೂ ಒಂದು ದಾರಿ ಬಿಟ್ಟಿತ್ತು. ಉಳಿದವರೂ ಹಾಗೆ ಮಾಡಲಿ ಎಂಬುದು ನನ್ನ ಆಸೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತೆಗೆದುಕೊಳ್ಳುವವರಿಗೆ ಇದು ತಿಳಿದಿರಲೇಬೇಕು. "11 ಜಿಬಿ ಇದೆ" ಎಂದು ಯಾರಾದರೂ ಹೇಳಿದರೆ ಸುಮ್ನೆ ದುಡ್ಡು ಕೊಡಬೇಡಿ. 2019ರ ಜಿಟಿಎಕ್ಸ್ 1660 ಕೂಡ ಹೊಸದರಂತೆ ಕಾಣುತ್ತದೆ, ಆದರೆ ಅದರಲ್ಲೂ ಆ ರೇ ಟ್ರೇಸಿಂಗ್ ಭಾಗ ಇಲ್ಲ. ಡೂಮ್ ಕೇಳುವುದು ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್ ಅಥವಾ ಆರ್‌ಎಕ್ಸ್ 6600. ಎರಡಕ್ಕೂ 8 ಜಿಬಿ.

ಪದೇಪದೇ ಕರೆಂಟ್ ಹೋಗುವ ನಮ್ಮ ಕಡೆಗೆ ನಾನು ಹೇಳುವುದು 6600. ಅದು ಎಳೆಯುವುದು 132 ವ್ಯಾಟ್, 1080 ಟಿಐ 250. ಯುಪಿಎಸ್ ಮೇಲೆ ಅಷ್ಟು ಭಾರ ಕಡಿಮೆ. ಕಂಪ್ಯೂಟರಿಗೆ ಕರೆಂಟ್ ಹಂಚುವ ಹಳೆಯ ಎಸ್‌ಎಂಪಿಎಸ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಬೇಕಿಲ್ಲ.

ಆ ಹುಡುಗನ ಕಾರ್ಡ್‌ನ ಧೂಳು ತೆಗೆದು, ಥರ್ಮಲ್ ಪೇಸ್ಟ್ ಹೊಸದು ಹಾಕಿ ವಾಪಸ್ ಕೊಟ್ಟೆ. ಅವನ ಬಳಿ ಇರುವ ಹಳೆಯ ಆಟಗಳಿಗೆ ಅದು ಇನ್ನೂ ಧಾರಾಳ. ಹೊಸದು ಬೇಕಿದ್ದರೆ ಕಾಫಿ ಕುಯ್ಲು ಮುಗಿದ ಮೇಲೆ ಅಪ್ಪನನ್ನೂ ಕರೆದುಕೊಂಡು ಬಾ ಎಂದಿದ್ದೇನೆ.